ವಿದೇಶಿ ಕಂಪನಿ ಡ್ರಾಯಿಂಗ್ ಕೇಳುತ್ತಿದೆ, ಮೇಲ್ ಮಾಡಬಹುದಾ?

ಸಿಎನ್‌ಸಿ_ಗೆಳೆಯ (ಪ್ರಶ್ನೆ):

ನಮ್ಮದು ಚಿಕ್ಕ ಮಷಿನಿಂಗ್ ಕಂಪನಿ. ಸೇನೆಗೆ ಹೋಗುವ ಒಂದು ಡ್ರೋನ್‌ಗೆ ಗೇರ್‌ಬಾಕ್ಸ್ ಹೌಸಿಂಗ್ (ಗೇರ್‌ಗಳ ಹೊರಕವಚ) ಮಾಡಿಕೊಡುತ್ತೇವೆ. ಡಿಸೈನ್ ನಮ್ಮದೇ, ಆದರೆ ಲೋಡ್ ಎಷ್ಟು, ಎಲ್ಲಿ ಕೂರಬೇಕು ಅನ್ನೋದನ್ನೆಲ್ಲ ಕೊಟ್ಟಿದ್ದು ಡ್ರೋನ್ ಮಾಡುವ ದೊಡ್ಡ ಕಂಪನಿ. ಹೋದ ತಿಂಗಳು ಒಂದು ಪ್ರದರ್ಶನದಲ್ಲಿ ಯುರೋಪಿನ ಕಂಪನಿಯವರು ಬಂದು ನೋಡಿ ಹೋಗಿದ್ದರು, ಈಗ ತ್ರೀಡಿ ಮಾಡೆಲ್, ಪ್ರೊಸೆಸ್ ಶೀಟ್ (ತಯಾರಿಕೆಯ ಹಂತಗಳ ಹಾಳೆ), ಟೆಸ್ಟ್ ರಿಪೋರ್ಟ್ ಮತ್ತು ಎರಡು ಸ್ಯಾಂಪಲ್ ಕಳಿಸಿ ಅಂತ ಮೇಲ್ ಹಾಕಿದ್ದಾರೆ. ನಮ್ಮ ಸಾಹೇಬರು, "ಇನ್ನೂ ಮಾರಾಟವೇ ಆಗಿಲ್ಲ, ದುಡ್ಡೂ ಬಂದಿಲ್ಲ, ಬರೀ ಫೈಲ್ ತಾನೇ, ಗೋಪ್ಯತೆ ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡು ಕಳಿಸಿಬಿಡಿ" ಅಂತಾರೆ. ನನಗೆ ಧೈರ್ಯ ಬರುತ್ತಿಲ್ಲ. ಕ್ವಾಲಿಟಿ ವಿಭಾಗ ನೋಡಿಕೊಳ್ಳೋದು ನಾನೇ, ಮೇಲ್ ಹೋಗೋದೂ ನನ್ನ ಹೆಸರಲ್ಲೇ. ಇದಕ್ಕೆ ಸರ್ಕಾರದ ಅನುಮತಿ ಬೇಕಾ?

ರಫ್ತು_ಡೆಸ್ಕ್:

ಬೇಕಾಗುವ ಸಾಧ್ಯತೆ ತುಂಬಾ ಇದೆ. ದಯವಿಟ್ಟು ಈಗಲೇ ಏನೂ ಕಳಿಸಬೇಡಿ.

ನಮ್ಮ ದೇಶದಲ್ಲಿ ಇದಕ್ಕೆ ಸ್ಕೋಮೆಟ್ ಪಟ್ಟಿ ಅಂತ ಇದೆ, ಅಂದರೆ ರಫ್ತಿಗೆ ಸರ್ಕಾರದ ನಿಯಂತ್ರಣ ಇರುವ ಸೂಕ್ಷ್ಮ ವಸ್ತು, ತಂತ್ರಜ್ಞಾನಗಳ ಪಟ್ಟಿ. 0ಯಿಂದ 8ರವರೆಗೆ ವಿಭಾಗಗಳು, ಅದರಲ್ಲಿ 6ನೇದು ಸೇನಾ ಸಾಮಗ್ರಿ. ಈ 6ನೇ ವಿಭಾಗ ಸೇರಿದ್ದು 2017ರಲ್ಲಿ, ಅದೇ ವರ್ಷ ಡಿಸೆಂಬರ್‌ನಲ್ಲಿ ಭಾರತ ವಾಸೆನಾರ್ ಒಪ್ಪಂದಕ್ಕೂ (ಶಸ್ತ್ರಾಸ್ತ್ರ, ಸೂಕ್ಷ್ಮ ತಂತ್ರಜ್ಞಾನದ ರಫ್ತು ನಿಯಂತ್ರಿಸುವ ದೇಶಗಳ ಕೂಟ) ಸೇರಿತು. ಮಾನವರಹಿತ ವಿಮಾನ ಮತ್ತು ಅವುಗಳ ಭಾಗಗಳು ಅದರ 6ಎ010 ಅನ್ನುವ ನಮೂದಿನಲ್ಲಿ ಬರುತ್ತವೆ. ಅಲ್ಲಿ ನೋಡಬೇಕಾದ ಮಾತು ಒಂದೇ: ಆ ಭಾಗ ಸೇನೆಯ ಬಳಕೆಗೆ ಅಂತಲೇ ಡಿಸೈನ್ ಮಾಡಿದ್ದಾ, ಅಥವಾ ಅದಕ್ಕಾಗಿ ಬದಲಾಯಿಸಿದ್ದಾ? ಅಂಗಡಿಯಲ್ಲಿ ಸಿಗುವ ಬೇರಿಂಗನ್ನು ಡ್ರೋನ್‌ಗೆ ಹಾಕಿದ ಮಾತ್ರಕ್ಕೆ ಅದು ಪಟ್ಟಿಗೆ ಬರುವುದಿಲ್ಲ. ನಿಮ್ಮ ಹೌಸಿಂಗ್ ಹಾಗಲ್ಲ ಅಲ್ವಾ, ಆ ಡ್ರೋನ್‌ಗೇ ಲೆಕ್ಕ ಹಾಕಿ ಮಾಡಿದ್ದೀರಿ.

ನಿಮ್ಮ ಸಾಹೇಬರು "ಬರೀ ಫೈಲ್" ಅಂದರಲ್ಲ, ಎಡವುವುದೇ ಅಲ್ಲಿ. 6ಎ022 ಅಂತ ಇನ್ನೊಂದು ನಮೂದು ಇದೆ, ಅದು ತಂತ್ರಜ್ಞಾನಕ್ಕೆ. ಒಂದು ವಸ್ತುವನ್ನು ಡಿಸೈನ್ ಮಾಡಲು, ತಯಾರಿಸಲು ಬೇಕಾದ ಮಾಹಿತಿಯೂ ವಸ್ತುವಿನಷ್ಟೇ ನಿಯಂತ್ರಣದಲ್ಲಿ ಇರುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಕಳಿಸಿದರೂ ಮೇಲ್‌ನಲ್ಲಿ ಕಳಿಸಿದರೂ ಫೋನಲ್ಲಿ ಓದಿ ಹೇಳಿದರೂ ಕಾನೂನಿಗೆ ಒಂದೇ. ದುಡ್ಡು ಬಂತಾ ಇಲ್ಲವಾ ಅನ್ನುವುದು ಲೆಕ್ಕಕ್ಕೇ ಇಲ್ಲ. ಎರಡು ಸ್ಯಾಂಪಲ್ ಕೂಡ ರಫ್ತೇ.

6ನೇ ವಿಭಾಗದ ಬಹುತೇಕ ಸಾಮಗ್ರಿಗೆ ಲೈಸೆನ್ಸ್ ಕೊಡುವುದು ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆ. ಉಳಿದ ಹೆಚ್ಚಿನ ವಿಭಾಗಗಳು ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಕೈಯಲ್ಲಿವೆ. 2019ರಲ್ಲಿ ಕೆಲವು ದೇಶಗಳಿಗೆ ಬಿಡಿಭಾಗ ಕಳಿಸಲು ಮುಕ್ತ ಸಾಮಾನ್ಯ ಲೈಸೆನ್ಸ್ ಬಂದಾಗ ಎಲ್ಲರೂ ಖುಷಿಪಟ್ಟೆವು, ಪ್ರತಿ ಸಲ ಅರ್ಜಿ ಹಾಕುವುದು ತಪ್ಪಿತು ಅಂತ. ಆದರೆ ಡ್ರೋನ್‌ಗಾಗಿಯೇ ಮಾಡಿದ ಭಾಗಗಳನ್ನು ಅದರಿಂದ ಹೊರಗಿಟ್ಟಿದ್ದರು. ಹಾಗಾಗಿ ಆ ದಾರಿ ನಂಬಿಕೊಂಡು ಹೊರಡಬೇಡಿ.

ಲೋಹ_ಮತ್ತು_ಕಾಗದ:

ಮೇಲಿನವರು ಹೇಳಿದ್ದು ಸರಿ, ಆದರೆ ಲೈಸೆನ್ಸ್ ಸಿಕ್ಕಿತು ಅಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಆ ಲೋಡ್ ಲೆಕ್ಕ ಯಾರದ್ದು? ದೊಡ್ಡ ಕಂಪನಿಯದ್ದು. ಅವರ ಲಿಖಿತ ಒಪ್ಪಿಗೆ ಇಲ್ಲದೆ ಅದನ್ನು ನೀವು ಯಾರಿಗೂ ಕೊಡುವ ಹಾಗಿಲ್ಲ, ನಿಮ್ಮ ಪರ್ಚೇಸ್ ಆರ್ಡರ್‌ನ ಕೊನೆಯ ಪುಟಗಳನ್ನು ಒಮ್ಮೆ ಓದಿ. ಯಾವುದಾದರೂ ಹಾಳೆಯ ಮೇಲೆ 'ನಿರ್ಬಂಧಿತ' ಅಥವಾ 'ಗೋಪ್ಯ' ಅನ್ನುವ ಮುದ್ರೆ ಇದ್ದರಂತೂ ಅದು ಬೇರೆಯೇ ವಿಷಯ, 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅಡ್ಡ ಬರುತ್ತದೆ.

ಇನ್ನೊಂದು. ಆ ಲೆಕ್ಕದಲ್ಲಿ ಅಮೆರಿಕದ ಮೂಲದ ಮಾಹಿತಿ ಏನಾದರೂ ಇದೆಯಾ? ಇದ್ದರೆ ಅಲ್ಲಿನ ಐಟಾರ್ ನಿಯಮ (ಸೇನಾ ಸಾಮಗ್ರಿ, ಮಾಹಿತಿಯ ರಫ್ತು ನಿಯಮ) ಅದರ ಜೊತೆಗೇ ಬರುತ್ತದೆ. ಅಮೆರಿಕದಿಂದ ಭಾರತಕ್ಕೆ ಕಳಿಸಲು ಅನುಮತಿ ಸಿಕ್ಕಿದೆ ಅಂದರೆ ಭಾರತದಿಂದ ಯುರೋಪಿಗೆ ಕಳಿಸಲೂ ಸಿಕ್ಕಿದೆ ಅಂತಲ್ಲ, ಅದಕ್ಕೆ ಅವರ ವಿದೇಶಾಂಗ ಇಲಾಖೆಯಿಂದ ಮತ್ತೆ ಅನುಮತಿ ಬೇಕು. ದೇಶದೊಳಗೂ ಅಷ್ಟೇ. ಅನುಮತಿ ಪತ್ರದಲ್ಲಿ ಹೆಸರಿಲ್ಲದ, ಹೊರಗೆ ಕೆಲಸ ಮಾಡಿಕೊಡುವ ಪ್ಲೇಟಿಂಗ್‌ನವರಿಗೆ (ಲೋಹಕ್ಕೆ ಲೇಪನ ಮಾಡುವವರು), ಹೀಟ್ ಟ್ರೀಟ್‌ಮೆಂಟ್‌ನವರಿಗೆ ಆ ಡ್ರಾಯಿಂಗ್ ಕೊಡುವಂತಿಲ್ಲ. ಇದು ಎಷ್ಟೋ ಚಿಕ್ಕ ಕಂಪನಿಗಳಿಗೆ ಗೊತ್ತೇ ಇರುವುದಿಲ್ಲ.

ಫೈಲ್ ತಾನೇ ಅನ್ನುವವರಿಗೆ ನಾನು ಟೆನೆಸ್ಸಿ ವಿಶ್ವವಿದ್ಯಾಲಯದ ಪ್ರೊಫೆಸರ್ ಜೆ. ರೀಸ್ ರಾತ್ ಅವರ ಕೇಸ್ ಹೇಳುತ್ತೇನೆ. ಅಮೆರಿಕದ ವಾಯುಪಡೆಯ ಡ್ರೋನ್ ಸಂಶೋಧನೆಯ ಮಾಹಿತಿಯನ್ನು ವಿದೇಶಿ ವಿದ್ಯಾರ್ಥಿಗಳ ಕೈಗೆ ಸಿಗುವಂತೆ ಮಾಡಿದರು, ಅದೇ ವಿಷಯದ ಕಾಗದ ಇಟ್ಟುಕೊಂಡು ಚೀನಾಕ್ಕೆ ಹೋದರು. ಒಂದು ಬೋಲ್ಟ್ ಕೂಡ ಮಾರಿರಲಿಲ್ಲ. 2008ರಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂತು, ಮರುವರ್ಷ 4 ವರ್ಷ ಜೈಲು ಶಿಕ್ಷೆ ಆಯಿತು. ಆಗ ಅವರು ಎಪ್ಪತ್ತು ದಾಟಿದ್ದರು.

ಹಳೇ_ಪ್ಲಾನಿಂಗ್:

ನಾನು ಹಿಂದೆ ಇದ್ದ ಒಂದು ಕಡೆ ಆಗಿದ್ದನ್ನು ಹೇಳುತ್ತೇನೆ. ಯಾರೂ ಮೇಲ್ ಮಾಡಿರಲಿಲ್ಲ. ಗ್ರಾಹಕರ ಜೊತೆ ಫೋಟೋ ಹಂಚಿಕೊಳ್ಳಲು ಒಂದು ಕ್ಲೌಡ್ ಫೋಲ್ಡರ್ ಇತ್ತು, ನಮ್ಮ ಹುಡುಗ ಅವಸರದಲ್ಲಿ ಪ್ರೊಸೆಸ್ ಶೀಟನ್ನೂ ಅದರೊಳಗೇ ಹಾಕಿಬಿಟ್ಟ. ವಿದೇಶದಲ್ಲಿದ್ದವರಿಗೂ ಆ ಲಿಂಕ್ ಹೋಗಿತ್ತು. ಗೊತ್ತಾಗಿದ್ದು ಮೂರು ವಾರ ಆದ ಮೇಲೆ. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ, ತಪ್ಪು ಅವನದ್ದಲ್ಲ, ಅವನಿಗೆ ನಾವು ಯಾರೂ ಹೇಳಿರಲೇ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಈ ವಿಷಯ ನಿಮ್ಮ ತಲೆಯಲ್ಲಿ ಮಾತ್ರ ಇದ್ದರೆ ಸಾಲದು. ಪ್ರೋಗ್ರಾಮ್ ಬರೆಯುವವರಿಂದ ಹಿಡಿದು ಕೊರಿಯರ್ ಕಳಿಸುವವರವರೆಗೆ ಎಲ್ಲರಿಗೂ ಗೊತ್ತಿರಬೇಕು.

ಸಿಎನ್‌ಸಿ_ಗೆಳೆಯ:

ಎಲ್ಲರಿಗೂ ತುಂಬಾ ಧನ್ಯವಾದ. ಇದನ್ನೆಲ್ಲ ಸಾಹೇಬರಿಗೆ ತೋರಿಸಿದೆ, ಸದ್ಯಕ್ಕೆ ನಿಲ್ಲಿಸೋಣ ಅಂದರು. ಹಳೆಯ ಫೈಲ್ ತೆಗೆದು ನೋಡಿದರೆ ಲೋಡ್ ಲೆಕ್ಕದ ಒಂದು ಹಾಳೆಯ ಕೆಳಗೆ ಅಮೆರಿಕದ ರಫ್ತು ನಿಯಮದ ಎಚ್ಚರಿಕೆ ಸಣ್ಣ ಅಕ್ಷರದಲ್ಲಿ ಇದೆ! ಎರಡು ವರ್ಷದಿಂದ ನಮ್ಮ ಕಪಾಟಲ್ಲೇ ಇತ್ತು. ದೊಡ್ಡ ಕಂಪನಿಗೆ ಇವತ್ತೇ ಬರೆದಿದ್ದೇನೆ. ಆದರೆ ಯುರೋಪಿನವರಿಗೆ ಏನಂತ ಉತ್ತರ ಕೊಡಲಿ? ಸುಮ್ನೆ ಇದ್ದರೆ ಆರ್ಡರ್ ಕೈ ತಪ್ಪುತ್ತದೆ.

ರಫ್ತು_ಡೆಸ್ಕ್:

ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ನಮ್ಮ ಸರ್ಕಾರದ ಅನುಮತಿ ಬೇಕು, ಅದಕ್ಕೆ ನಿಮ್ಮಿಂದ ಎಂಡ್ ಯೂಸರ್ ಸರ್ಟಿಫಿಕೇಟ್ ಬೇಕು ಅಂತ. ಕೊನೆಗೆ ಬಳಸುವವರು ಯಾರು, ಯಾವ ಕೆಲಸಕ್ಕೆ, ಬೇರೆಯವರಿಗೆ ದಾಟಿಸುತ್ತಾರಾ, ಇದೆಲ್ಲ ಅದರಲ್ಲಿ ಬರುತ್ತದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ, ಅವರೂ ತಮ್ಮ ದೇಶದಲ್ಲಿ ಇದನ್ನೇ ಮಾಡುತ್ತಿರುತ್ತಾರೆ. ಯಾರು ಬಳಸುತ್ತಾರೆ ಅಂತ ಹೇಳಲು ಹಿಂದೆಮುಂದೆ ನೋಡಿದರೆ, ಅಂಥ ಆರ್ಡರ್ ಹೋದರೂ ಚಿಂತೆ ಇಲ್ಲ.

ಅಲ್ಲಿಯವರೆಗೆ ಈಗಾಗಲೇ ಎಲ್ಲರಿಗೂ ಸಿಗುವ ಮಾಹಿತಿ ಕೊಡಬಹುದು. ನಿಮ್ಮ ಬಳಿ ಯಾವ ಮಷಿನ್ ಇದೆ, ಯಾವ ಗಾತ್ರದವರೆಗೆ ಮಾಡುತ್ತೀರಿ, ಯಾವ ಕ್ವಾಲಿಟಿ ಸರ್ಟಿಫಿಕೇಟ್ ಇದೆ, ಇಷ್ಟು. ಆ ಡ್ರೋನ್ ಹೆಸರಾಗಲಿ ಹೌಸಿಂಗ್ ಫೋಟೋ ಆಗಲಿ ಬೇಡ. ಈ ಮೇಲ್‌ಗಳನ್ನು ಅಳಿಸಬೇಡಿ, ಸ್ಕೋಮೆಟ್ ದಾಖಲೆಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಮತ್ತೆ ಆ ಸಣ್ಣ ಅಕ್ಷರದ ಹಾಳೆ ಎರಡು ವರ್ಷದಲ್ಲಿ ಪ್ಲೇಟಿಂಗ್‌ನವರ ಹತ್ತಿರ ಹೋಗಿತ್ತಾ ಅಂತ ಮೊದಲು ನೋಡಿ. ಹೋಗಿದ್ದರೆ ಮುಚ್ಚಿಡದೆ ದೊಡ್ಡ ಕಂಪನಿಗೆ ಅದನ್ನೂ ತಿಳಿಸಿ.