ಬೇರೆಲ್ಲ ಕೊಳೆತ ಫೆಲನಾಪ್ಸಿಸ್ ಆರ್ಕಿಡ್‌ಗೆ ಮತ್ತೆ ಬೇರು ಬರಿಸೋದು ಹೇಗೆ?

ತಾರಸಿತೋಟ (ಬೆಂಗಳೂರು):
ಫೆಲನಾಪ್ಸಿಸ್ ಗಿಡ, ಐದು ಎಲೆ. ಕೆಳಗಿನ ಎರಡು ಜೋತು ಬಿದ್ದು ಉದ್ದಕ್ಕೆ ಸುಕ್ಕುಗಟ್ಟಿವೆ. ಮೇಲಿನ ಮೂರು ಹಸಿರಾಗಿವೆ, ಸುಳಿ ಗಟ್ಟಿ ಇದೆ. ಹೂದಂಟಿನಲ್ಲಿ ಇನ್ನೂ ನಾಲ್ಕು ಹೂ ಇವೆ. ಕುಂಡದಿಂದ ಎತ್ತಿ ನೋಡಿದರೆ ಬೇರೆಲ್ಲ ಕಂದು. ಒತ್ತಿದರೆ ನೀರು ಬರುತ್ತೆ, ಎಳೆದರೆ ಸಿಪ್ಪೆ ಕಳಚಿ ದಾರದಂಥ ನಾರು ಮಾತ್ರ ಉಳಿಯುತ್ತೆ. ಗಟ್ಟಿಯಾಗಿರೋದು ಒಂದೇ ಬೇರು, ಅದೂ 2 ಸೆಂ.ಮೀ. ಸಾಫ್ (ಶಿಲೀಂಧ್ರನಾಶಕ) ಪುಡಿ ಹಚ್ಚಿ ಹೊಸ ಕುಂಡಕ್ಕೆ ಇಡಬಹುದಾ?

ಇದ್ದಿಲುಹೆಂಚು:
ಈಗಲೇ ಕುಂಡಕ್ಕೆ ಇಡಬೇಡಿ. ನೀರು ಹೀರೋಕೆ ಬೇರೇ ಇಲ್ಲದಿರುವಾಗ ಸುತ್ತ ಎಷ್ಟು ಒದ್ದೆ ಇದ್ದರೂ ಎಲೆಗೆ ತಲುಪಲ್ಲ, ಕಾಂಡದ ಬುಡ ಮಾತ್ರ ಕೊಳೆಯುತ್ತೆ. ಎಲೆ ಸುಕ್ಕಾಗಿದೆ ಅಂತ ಇನ್ನಷ್ಟು ನೀರು ಹಾಕಿಯೇ ಬಹುಪಾಲು ಗಿಡ ಸಾಯೋದು. ನೀರು ಕಮ್ಮಿಯಾದರೂ ಎಲೆ ಹೀಗೇ ಸುಕ್ಕಾಗುತ್ತೆ, ಹಾಗಾಗಿ ಬೇರು ನೋಡದೆ ತೀರ್ಮಾನಿಸಬಾರದು.

ಕುಂಡದಲ್ಲಿ ತುಂಬಿದ್ದ ಹಳೇ ಪಾಚಿ, ತೊಗಟೆ ಎಲ್ಲ ಬಿಡಿಸಿ. ಬೇರಿನ ನಡುವೆ ಕೈ ಹಾಕಿ ನೋಡಿ: ಅಂಗಡಿ ಗಿಡಗಳಲ್ಲಿ ಬುಡಕ್ಕೆ ಸರಿಯಾಗಿ ಒಂದು ಪಾಚಿ ಉಂಡೆ ಕೂತಿರುತ್ತೆ. ಮೇಲೆಲ್ಲ ಒಣಗಿದ್ದರೂ ಅದು ವಾರಗಟ್ಟಲೆ ಒದ್ದೆಯಾಗೇ ಇರುತ್ತೆ, ಬೇರಿಗೆ ಗಾಳಿ ಸಿಗಲ್ಲ. ಕೊಳೆತ ಶುರುವಾಗೋದು ಅಲ್ಲಿಂದ, ಶಿಲೀಂಧ್ರ ಆಮೇಲೆ ಬರೋದು.

ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಮೆತ್ತಗಿರೋ ಬೇರೆಲ್ಲ ಕತ್ತರಿಸಿ. ಬಣ್ಣ ನೋಡಿ ಕತ್ತರಿಸಬೇಡಿ, ಕಂದಾಗಿದ್ದರೂ ಒತ್ತಿದಾಗ ಗಟ್ಟಿ ಇದ್ದರೆ ಬೇರು ಜೀವಂತ. ಕಾಂಡದ ಕೆಳತುದಿಯನ್ನು ತೆಳ್ಳಗೆ ಕೊಯ್ದು ನೋಡಿ. ಒಳಗೆ ಕಂದು ಇದ್ದರೆ ತಿಳಿಹಸಿರು ಕಾಣುವವರೆಗೆ ಒಂದೊಂದೇ ಬಿಲ್ಲೆ ತೆಗೀತಾ ಹೋಗಿ, ಪ್ರತಿ ಸಲ ಕತ್ತರಿ ಒರೆಸಿ. ಆಮೇಲೆ ಲೀಟರ್ ನೀರಿಗೆ 2 ಗ್ರಾಂ ಸಾಫ್ ಕಲಸಿ ಬುಡವನ್ನು ಹತ್ತು ನಿಮಿಷ ಅದ್ದಿ, ನೆರಳಲ್ಲಿ ಒಂದು ದಿನ ಒಣಗಿಸಿ. ಕೊಳೆತ ಕಪ್ಪಾಗಿ ನೀರುನೀರಾಗಿ ಬೇಗ ಹರಡ್ತಿದ್ದರೆ ಅದು ಪಿಥಿಯಮ್ ಅಥವಾ ಫೈಟಾಫ್ತೊರಾ (ಶಿಲೀಂಧ್ರದಂಥ ಬೇರೆ ರೋಗಾಣುಗಳು) ಇರಬಹುದು. ಅದಕ್ಕೆ ಸಾಫ್‌ನಲ್ಲಿರೋ ಕಾರ್ಬೆಂಡಜಿಮ್ ನಾಟಲ್ಲ, ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಮಿಶ್ರಣ ಬೇಕು. ಯಾವುದೇ ಆದರೂ ಕೈಗವಸು ಹಾಕ್ಕೊಳ್ಳಿ.

ಹೂದಂಟು ಇವತ್ತೇ ಕತ್ತರಿಸಿ. ಹೊಟ್ಟೆಗೆ ಸಂಕಟವಾಗುತ್ತೆ ನಿಜ, ಆದರೆ ಎಲೆಯಲ್ಲಿ ಉಳಿದಿರೋ ನೀರನ್ನೆಲ್ಲ ಆ ನಾಲ್ಕು ಹೂ ಎಳ್ಕೊಳ್ತಿವೆ. ಹೂದಾನಿಯಲ್ಲಿಟ್ಟು ನೋಡಿ.

ಹಸಿರುಬೇರು (ಮೈಸೂರು):
ಒಣಗಿಸಿದ ಮೇಲಿನ ಹಂತ ಹೇಳ್ತೀನಿ. ಹತ್ತು ಲೀಟರ್ ಹಿಡಿಸುವ ಪಾರದರ್ಶಕ ಚೀಲ ಅಥವಾ ಮುಚ್ಚಳ ಇರೋ ಡಬ್ಬ ತಗೊಳ್ಳಿ. ತಳಕ್ಕೆ ಮೂರು ಬೆರಳು ದಪ್ಪ ಸ್ಫ್ಯಾಗ್ನಮ್ ಪಾಚಿ. ನೆನೆಸಿ, ಮುಷ್ಟಿಯಲ್ಲಿ ಹಿಂಡಿ, ಇನ್ನೊಂದು ಹನಿಯೂ ಬೀಳದ ಹಾಗಾದ ಮೇಲೆ ಹರಡಿ. ಈ ಪದ್ಧತಿ ಕೆಡೋದೆಲ್ಲ ಇಲ್ಲೇ, ಪಾಚಿ ಒದ್ದೆ ಜಾಸ್ತಿಯಾದರೆ ಚೀಲದೊಳಗೇ ಮತ್ತೆ ಕೊಳೆಯುತ್ತೆ. ಗಿಡವನ್ನು ಅದರ ಮೇಲೆ ಸುಮ್ಮನೆ ಕೂರಿಸಿ, ಹೂಳಬೇಡಿ. ಎಲೆ ಪಾಚಿಗೆ ತಾಗಬಾರದು.

ಬಾಯಿ ಕಟ್ಟಿ, ಬೆಳಕು ಚೆನ್ನಾಗಿದ್ದು ಬಿಸಿಲು ಬೀಳದ ಕಡೆ ಇಡಿ. ಅರ್ಧ ಗಂಟೆ ನೇರ ಬಿಸಿಲು ಬಿದ್ದರೂ ಮುಚ್ಚಿದ ಚೀಲದಲ್ಲಿ ಗಿಡ ಬೆಂದುಹೋಗುತ್ತೆ. 24ರಿಂದ 28 ಡಿಗ್ರಿ ಒಳ್ಳೇದು. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಹತ್ತು ನಿಮಿಷ ತೆರೆದಿಡಿ. ರಾತ್ರಿ ತೆರೆಯಬೇಡಿ: ಫೆಲನಾಪ್ಸಿಸ್ ಎಲೆಯ ರಂಧ್ರ ತೆರೆಯೋದೇ ರಾತ್ರಿ, ತೇವದ ಗಾಳಿ ಬೇಕಾಗೋದೂ ಆಗಲೇ. ಗೊಬ್ಬರ ಬೇಡ. ಎಲೆಗೆ ಸಕ್ಕರೆ ನೀರು ಹಚ್ಚಿ ಅಂತ ಕೆಲವರು ಹೇಳ್ತಾರೆ, ಮಾಡಬೇಡಿ, ಬೂಷ್ಟು ಬರುತ್ತೆ.

ಕೆಳಗಿನ ಎಲೆಯ ಬುಡದ ಹತ್ತಿರ ಕಾಂಡ ಸೀಳಿಕೊಂಡು ಹಸಿರೋ ಕೆಂಪೋ ಒಂದು ಮೊನೆ ಇಣುಕಿದರೆ ಅದೇ ಹೊಸ ಬೇರು. ಸೆಕೆಗಾಲದಲ್ಲಿ ತಿಂಗಳೊಳಗೆ ಕಾಣಬಹುದು, ಚಳಿಯಲ್ಲಿ ಎರಡು ಮೂರು ತಿಂಗಳೂ ಹಿಡಿಯುತ್ತೆ. ಅಷ್ಟರಲ್ಲಿ ಕೆಳಗಿನ ಒಂದು ಎಲೆ ಹಳದಿಯಾಗಿ ಬಿದ್ದರೆ ಗಾಬರಿ ಬೇಡ, ತಾನಾಗಿ ಕಳಚಲಿ, ಕೀಳಬೇಡಿ.

ಸೀತಾಳೆ (ತೀರ್ಥಹಳ್ಳಿ):
ಬೆಂಗಳೂರು, ಮೈಸೂರಿಗೆ ಚೀಲ ಸರಿ. ಮಲೆನಾಡು, ಕರಾವಳಿಯವರು ಇದನ್ನೇ ಮಳೆಗಾಲದಲ್ಲಿ ಮಾಡಬೇಡಿ, ಗಾಳಿಯಲ್ಲೇ ಬೇಕಾದಷ್ಟು ತೇವ ಇರುತ್ತೆ. ನಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆ ಮರಕ್ಕೆ ಹೇಗೆ ಅಂಟಿಕೊಂಡಿರುತ್ತೆ ನೋಡಿ: ಬೇರೆಲ್ಲ ಬಯಲಲ್ಲಿ, ನೆನೆದ ಕೂಡಲೇ ಗಾಳಿಗೆ ಆರುತ್ತೆ. ಅದೇ ರೀತಿ ಇದನ್ನೂ ಗಟ್ಟಿ ಮರದ ತುಂಡಿಗೆ ಹತ್ತಿ ದಾರದಲ್ಲಿ ಕಟ್ಟಿ, ಬುಡದ ಪಕ್ಕ ನಿಂಬೆಹಣ್ಣಿನಷ್ಟು ಪಾಚಿ ಸಾಕು. ಸುಳಿ ಓರೆಯಾಗಿ ಕೆಳಮುಖ ಇರಲಿ, ನೀರು ನಿಂತರೆ ಸುಳಿಯೇ ಕೊಳೆಯುತ್ತೆ. ಸೂರಿನ ಕೆಳಗೆ, ಇರಚಲು ಬಡಿಯದ ಕಡೆ ತೂಗುಹಾಕಿ.

ತಾರಸಿತೋಟ:
ಹೂದಂಟು ಕತ್ತರಿಸಿದೆ. ಕಾಂಡದ ತುದಿ ಎರಡು ಬಿಲ್ಲೆ ತೆಗೆದ ಮೇಲೆ ಹಸಿರು ಸಿಕ್ಕಿತು. ಗಾಯಕ್ಕೆ ಚಕ್ಕೆ (ದಾಲ್ಚಿನ್ನಿ) ಪುಡಿ ಹಾಕಬಹುದಾ? ಕುಂಡಕ್ಕೆ ಯಾವಾಗ?

ಇದ್ದಿಲುಹೆಂಚು:
ಚಕ್ಕೆ ಪುಡಿ ಕೊಯ್ದ ಜಾಗಕ್ಕೆ ಮಾತ್ರ, ಒಂದು ಚಿಟಿಕೆ. ಉಳಿದಿರೋ ಬೇರಿಗೆ ತಾಗಿದರೆ ಅದನ್ನೂ ಒಣಗಿಸಿಬಿಡುತ್ತೆ.

ಎರಡು ಮೂರು ಬೇರು 4-5 ಸೆಂ.ಮೀ. ಆದಾಗ ಕುಂಡಕ್ಕೆ. ಅದಕ್ಕಿಂತ ಉದ್ದ ಬಿಟ್ಟರೆ ಇಡುವಾಗ ಲಟಕ್ಕಂತ ಮುರಿಯುತ್ತೆ. ಮೂರೂವರೆ ಇಂಚಿನ ಪಾರದರ್ಶಕ ಪ್ಲಾಸ್ಟಿಕ್ ಕುಂಡ, ಪಕ್ಕಕ್ಕೂ ತೂತು. ಪೈನ್ ತೊಗಟೆ, ಇದ್ದಿಲು ಸಮಸಮ, ಹೆಬ್ಬೆರಳ ಉಗುರಿನಷ್ಟು ತುಂಡು. ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಡವೇ ಬೇಡ. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದಾಗ ನೀರು, ಹಸಿರಿದ್ದರೆ ಬೇಡ. ಬೋರ್‌ವೆಲ್ ನೀರಿನ ಉಪ್ಪು ಎಳೇ ಬೇರಿನ ತುದಿ ಸುಡುತ್ತೆ, ಮಳೆನೀರು ಹಿಡಿದಿಟ್ಟುಕೊಳ್ಳಿ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ ಇರೋ) ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಅದೂ ಹೊಸ ಎಲೆ ಹೊರಟ ಮೇಲೆ. ಮುಂದಿನ ಸಲ ಹೂದಂಟು ಬಂದಾಗ ಗಿಡದಲ್ಲಿ ನಾಲ್ಕು ಗಟ್ಟಿ ಎಲೆ ಇಲ್ಲದಿದ್ದರೆ ಅದನ್ನೂ ಎಳಸಿನಲ್ಲೇ ಚಿವುಟಿ.