ಹೈಡ್ರೋಜನ್ ಬಂಧ ‘ಮುರಿಯುತ್ತದೆ’ ಅನ್ನುವುದು ಸರಿಯಾ?

ಎಲ್ಲರಿಗೂ ನಮಸ್ಕಾರ,

ರಸಾಯನಶಾಸ್ತ್ರದ ಒಂದು ಕನ್ನಡ ಬರಹ ತಿದ್ದುತ್ತಿದ್ದೇನೆ. ಅದರಲ್ಲಿ ‘ನೀರು ಕುದಿಯುವಾಗ ಹೈಡ್ರೋಜನ್ ಬಂಧಗಳು ಮುರಿಯುತ್ತವೆ’ ಎಂದಿದೆ. ವಿಷಯ ಸರಿಯೇ. ಆದರೆ ಹೊಸಬರು ಓದಿದರೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಬೇರೆಬೇರೆ ಆಗುತ್ತವೆ ಅಂತಲೇ ತಿಳಿಯುತ್ತಾರೆ, ಯಾಕೆಂದರೆ ಅಣುವಿನ ಒಳಗೆ ಇವೆರಡೂ ಕೂಡಿಕೊಂಡಿರುವುದನ್ನೂ ಅದೇ ಬರಹ ‘ಬಂಧ’ ಅಂತಲೇ ಕರೆದಿದೆ.

ಬಲದಲ್ಲಿ ಎರಡಕ್ಕೂ ಅಜಗಜಾಂತರ. ಒಳಗಿನ ಬಂಧ ಮುರಿಯಲು ಮೋಲ್‌ಗೆ (ಕಣಗಳನ್ನು ಎಣಿಸುವ ಅಳತೆ) ಸುಮಾರು 460 ಕಿಲೋಜೂಲ್ ಬೇಕು. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನನ್ನು ಹಿಡಿದಿರುವುದನ್ನು, ಅಂದರೆ ಹೈಡ್ರೋಜನ್ ಬಂಧವನ್ನು, ಬಿಡಿಸಲು ಸುಮಾರು 20 ಸಾಕು. ಕುದಿಯುವಾಗ ಬಿಟ್ಟುಹೋಗುವುದು ಇದು ಮಾತ್ರ. ಆವಿಯೂ ನೀರೇ ಅಲ್ವಾ?

ಅಣುಗಳ ನಡುವಿನದಕ್ಕೆಲ್ಲ ‘ಸೆಳೆತ’ ಅಂದುಬಿಡೋಣ ಅನ್ನಿಸಿತು. ಅಣುಗಳ ನಡುವೆ ಇರುವ ದುರ್ಬಲ ಎಳೆತಕ್ಕೆ ವಾನ್ ಡರ್ ವಾಲ್ಸ್ ಸೆಳೆತ ಅಂದರೆ ಕಿವಿಗೂ ಹಿತ. ಹೈಡ್ರೋಜನ್ ಬಂಧದ ವಿಷಯಕ್ಕೆ ಬಂದಾಗ ತೊಡಕು, ಏಕೆಂದರೆ ಇದಕ್ಕೆ ದಿಕ್ಕೂ ಇದೆ. ಮಂಜುಗಡ್ಡೆಯಲ್ಲಿ ಒಂದೊಂದು ಅಣುವೂ ಸುತ್ತಲಿನ ನಾಲ್ಕು ಅಣುಗಳನ್ನು ಗೊತ್ತಾದ ಕೋನದಲ್ಲೇ ಹಿಡಿದುಕೊಳ್ಳುತ್ತದೆ, ನಡುವೆ ಜಾಗ ಖಾಲಿ ಉಳಿಯುತ್ತದೆ, ಅದಕ್ಕೇ ಅದು ನೀರಿನ ಮೇಲೆ ತೇಲುವುದು. ‘ಸೆಳೆತ’ ಅಂದರೆ ಈ ಹಿಡಿತ ಕಾಣುವುದಿಲ್ಲ.

ಇನ್ನೊಂದು ವಾಕ್ಯ ಸುಮ್ನೆ ಹೊಡೆದುಹಾಕಿದೆ: ‘ಹೈಡ್ರೋಜನ್ ಇರುವ ಧ್ರುವೀಯ ಅಣುಗಳಲ್ಲೆಲ್ಲ ಹೈಡ್ರೋಜನ್ ಬಂಧವಿರುತ್ತದೆ’. (ಧ್ರುವೀಯ ಅಂದರೆ ಒಂದು ಕಡೆ ತುಸು ಧನ, ಇನ್ನೊಂದು ಕಡೆ ತುಸು ಋಣ ವಿದ್ಯುದಂಶ ಇರುವ ಅಣು.) ಈ ವಾಕ್ಯ ವಿಷಯದ್ದೇ ತಪ್ಪು. ಎಥನಾಲ್ ಮತ್ತು ಡೈಮೀಥೈಲ್ ಈಥರ್ ನೋಡಿ. ಎರಡರಲ್ಲೂ 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್. ಎರಡೂ ಧ್ರುವೀಯ. ಎಥನಾಲ್ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಈಥರ್ ಮೈನಸ್ 24ರಲ್ಲೇ! ಎಥನಾಲ್‌ನ ಒಂದು ಹೈಡ್ರೋಜನ್ ಆಕ್ಸಿಜನ್‌ಗೆ ಅಂಟಿದೆ, ಈಥರ್‌ನವೆಲ್ಲ ಕಾರ್ಬನ್‌ಗೆ. ಆಕ್ಸಿಜನ್, ನೈಟ್ರೋಜನ್, ಫ್ಲೋರಿನ್‌ನಂತೆ ಎಲೆಕ್ಟ್ರಾನನ್ನು ಜಾಸ್ತಿ ಜಗ್ಗುವ ಪರಮಾಣುವಿಗೆ ಅಂಟಿದ ಹೈಡ್ರೋಜನ್ನೇ ಹೈಡ್ರೋಜನ್ ಬಂಧಕ್ಕೆ ಬೇಕು, ಎಥನಾಲ್‌ನ ಅಣುಗಳು ಹಾಗೆ ಹಿಡಿದುಕೊಂಡಿರುವುದಕ್ಕೇ ಅದು ಅಷ್ಟು ಮೇಲೆ ಕುದಿಯುವುದು.

‘ಹೈಡ್ರೋಜನ್ ಬಂಧ’ ಅನ್ನುವ ಹೆಸರು ಬೇರೂರಿದೆ, ಅದನ್ನು ಕೀಳುವ ಆಸೆ ನನಗಿಲ್ಲ. ಕ್ರಿಯಾಪದವನ್ನಾದರೂ ಬದಲಿಸಬಹುದಾ? ‘ಮುರಿ’ ಒಳಗಿನ ಬಂಧಕ್ಕೇ ಇರಲಿ, ಇದಕ್ಕೆ ‘ಬಿಡು’, ‘ಹಿಡಿ’ ಬಳಸೋಣ. ನೀರಿನಲ್ಲಿ ಈ ಬಂಧಗಳು ಕ್ಷಣಕ್ಷಣಕ್ಕೂ ಬಿಟ್ಟು ಮತ್ತೆ ಹಿಡಿಯುತ್ತಲೇ ಇರುತ್ತವೆ, ಹಾಗಾಗಿ ಅರ್ಥಕ್ಕೂ ಹೊಂದುತ್ತದೆ. ‘ನೀರು ಕುದಿಯುವಾಗ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ’ ಅಂತ ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಪಾಠ ಮಾಡುವವರು ಇದ್ದರೆ, ತರಗತಿಯಲ್ಲಿ ನಿಮ್ಮ ಬಾಯಿಗೆ ಬರುವ ಮಾತು ಯಾವುದು ಅಂತ ತಿಳಿಸಿ.