ಗೆಂಗಾರ್‌ನಂತಹ ಮೈ ಗಟ್ಟಿಯಿಲ್ಲದ ದಾಳಿಕೋರನನ್ನು ಕಣಕ್ಕೆ ಇಳಿಸುವುದು ಹೇಗೆ?

ಬದಿಯಡ್ಕದ ಹೊಸಬ:

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಸಮೀಪದವನು, ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮನೆಯಲ್ಲಿ ಆಟದ ಕನ್ಸೋಲ್ ಇಲ್ಲದಿರುವುದರಿಂದ ಮೊಬೈಲಿನ ಬ್ರೌಸರಿನಲ್ಲಿಯೇ ಪೊಕೆಮಾನ್ ಶೋಡೌನ್ (ಪೊಕೆಮಾನ್ ಕಾದಾಟದ ಪಂದ್ಯಗಳನ್ನು ಆಡುವ ಜಾಲತಾಣ) ಆಡುತ್ತೇನೆ. ಒಂಬತ್ತನೆಯ ತಲೆಮಾರಿನ, ಆರಕ್ಕೆ ಆರರ ಸಿಂಗಲ್ಸ್ ಪಂದ್ಯಗಳು, ಅಂದರೆ ಎರಡೂ ಕಡೆ ಆರು ಪೊಕೆಮಾನ್‌ಗಳ ತಂಡ, ಕಣದಲ್ಲಿ ಒಂದು ಸಲಕ್ಕೆ ಒಂದಕ್ಕೆ ಒಂದು. ಹೆಚ್ಚಾಗಿ ಎದುರಾಳಿಯಾಗಿರುವವರು ಪೆರ್ಲದಲ್ಲಿರುವ ನನ್ನ ಸೋದರಮಾವನ ಮಗ, ಅಂದರೆ ನನ್ನ ಭಾವ.

ನನಗೆ ಚಿಕ್ಕಂದಿನಿಂದಲೂ ಗೆಂಗಾರ್ ಎಂಬ ಘೋಸ್ಟ್-ಪಾಯ್ಸನ್ ಟೈಪ್‌ನ ಪೊಕೆಮಾನ್ ಎಂದರೆ ಬಹಳ ಪ್ರೀತಿ. ಮೂಲ ಅಂಕಗಳಲ್ಲಿ ಅದರ ಸ್ಪೆಷಲ್ ಅಟ್ಯಾಕ್ 130, ವೇಗ 110. ಆದರೆ ಎಚ್‌ಪಿ (ಪ್ರಾಣಬಲ) 60, ಡಿಫೆನ್ಸ್ 60 ಮಾತ್ರ. ಏಟಿನ ಬಲ ಹೆಚ್ಚಲಿ ಎಂದು ಮಾಡೆಸ್ಟ್ ಸ್ವಭಾವವನ್ನು ಕೊಟ್ಟಿದ್ದೇನೆ. ಮೊದಲು ಫೋಕಸ್ ಸ್ಯಾಶ್ (ಒಂದೇ ಏಟಿಗೆ ಬೀಳದಂತೆ ಉಳಿಸುವ ಪಟ್ಟಿ) ಕಟ್ಟಿ ನೋಡಿದೆ, ಅನಂತರ ಲೈಫ್ ಆರ್ಬ್ (ಪ್ರತಿ ದಾಳಿಗೆ ಸ್ವಲ್ಪ ಎಚ್‌ಪಿ ತೆಗೆದುಕೊಂಡು ಏಟಿನ ಬಲ ಹೆಚ್ಚಿಸುವ ವಸ್ತು) ಕೊಟ್ಟೆ. ಏನು ಮಾಡಿದರೂ ಒಂದು ಶ್ಯಾಡೋ ಬಾಲ್ (ಅದರ ಘೋಸ್ಟ್ ಏಟು) ಎಸೆಯುವುದರೊಳಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಭಾವನ ಗಾರ್ಚಾಂಪ್ ಎಂಬ ಪೊಕೆಮಾನ್‌ನ ಅರ್ಥ್‌ಕ್ವೇಕ್ ಎಂಬ ನೆಲದ ಏಟಿಗೆ ಅದು ಬಿದ್ದುಹೋಗುತ್ತದೆ. ಅದರ ಬದುಕನ್ನು ಉದ್ದ ಮಾಡಲು ಯಾವ ವಸ್ತುವನ್ನು ಕೊಡಬೇಕು? ತಿಳಿದವರು ದಯವಿಟ್ಟು ತಿಳಿಸಬೇಕು.

ಮಂಜೇಶ್ವರದ ರೈಡರ್:

ನಿಮ್ಮ ಪ್ರಶ್ನೆ ವಸ್ತುವಿನ ಬಗ್ಗೆ ಇದೆ, ಆದರೆ ತೊಂದರೆ ಇರುವುದು ಸ್ವಭಾವದಲ್ಲಿ ಮತ್ತು ಪ್ರವೇಶದಲ್ಲಿ ಎಂದು ನನಗೆ ಅನ್ನಿಸುತ್ತದೆ. ಸ್ವಭಾವದ ಲೆಕ್ಕವನ್ನು ಮೊದಲು ನೋಡೋಣ. ನೂರನೆಯ ಲೆವೆಲ್‌ನಲ್ಲಿ, ವೇಗಕ್ಕೆ ಪೂರ್ತಿ 252 ಇವಿ (ತರಬೇತಿಯ ಅಂಕ) ಕೊಟ್ಟರೂ ಮಾಡೆಸ್ಟ್ ಗೆಂಗಾರ್‌ನ ವೇಗ 319ಕ್ಕೆ ನಿಲ್ಲುತ್ತದೆ. ವೇಗ ಹೆಚ್ಚಿಸುವ ಜಾಲಿ ಸ್ವಭಾವದ ಗಾರ್ಚಾಂಪ್ 333ರಲ್ಲಿ ಓಡುತ್ತದೆ. ಏಳನೆಯ ತಲೆಮಾರಿನಲ್ಲಿ ಗೆಂಗಾರ್ ನೆಲದ ಏಟುಗಳಿಂದ ಕಾಪಾಡುವ ಲೆವಿಟೇಟ್ ಶಕ್ತಿಯನ್ನು ಕಳೆದುಕೊಂಡ ಮೇಲೆ ನೆಲದ ಏಟು ಅದಕ್ಕೆ ಎರಡು ಪಟ್ಟು ತಗಲುತ್ತದೆ, ಆದ್ದರಿಂದ ಉಳಿಯುವ ಮಾತೇ ಇಲ್ಲ. ಟಿಮಿಡ್ ಕೊಟ್ಟರೆ ವೇಗ 350 ಆಗುತ್ತದೆ, ಏಟಿನ ಅಂಕ 394ರಿಂದ 359ಕ್ಕೆ ಇಳಿಯುತ್ತದೆ. ಈ ಇಳಿಕೆಯಿಂದ ನೀವು ಕಳೆದುಕೊಳ್ಳುವುದು ಎಷ್ಟು? ಎಚ್‌ಪಿಗೂ ಸ್ಪೆಷಲ್ ಡಿಫೆನ್ಸ್‌ಗೂ ಇವಿ ಹಾಕದ ಗಾರ್ಚಾಂಪ್‌ಗೆ ಲೈಫ್ ಆರ್ಬ್ ಸಹಿತ ಶ್ಯಾಡೋ ಬಾಲ್ ಮಾಡೆಸ್ಟ್‌ನಲ್ಲಿ ಸುಮಾರು ಶೇಕಡಾ 60ರಿಂದ 70, ಟಿಮಿಡ್‌ನಲ್ಲಿ 55ರಿಂದ 65 ಹಾನಿ ಮಾಡುತ್ತದೆ. ಎರಡೂ ಒಂದೇ ಏಟಿಗೆ ಬೀಳಿಸುವುದಿಲ್ಲ, ಎರಡು ಏಟಿಗೆ ಎರಡೂ ಬೀಳಿಸುತ್ತವೆ. ಹೀಗಿರುವಾಗ ಮೊದಲು ಹೊಡೆಯುವ ಅವಕಾಶವನ್ನು ಮಾರಿಕೊಂಡು ಪಡೆದ ಆ ಬಲದಿಂದ ನಿಮಗೆ ಸಿಕ್ಕಿದ್ದು ಏನೂ ಇಲ್ಲ.

ಇನ್ನು ಪ್ರವೇಶ. ನಮ್ಮ ಕಡೆಯ ಕಬಡ್ಡಿಯನ್ನು ನೀವು ನೋಡಿರುತ್ತೀರಿ. ಒಳ್ಳೆಯ ರೈಡರ್ ಮೈಬಲದಿಂದ ಏಳು ಜನರನ್ನು ಎಳೆದುಕೊಂಡು ಬರುವವನಲ್ಲ. ಮೂವತ್ತು ಸೆಕೆಂಡಿನೊಳಗೆ ಒಬ್ಬನನ್ನು ಮುಟ್ಟಿ ಗೆರೆ ದಾಟಿ ಮರಳುವವನು. ಗೆಂಗಾರ್‌ನ ಕೆಲಸವೂ ಅಷ್ಟೇ. ಎದುರಾಳಿಯ ಏಟು ಬೀಳುವ ಸರದಿಯಲ್ಲಿ ನೀವು ಅದನ್ನು ಬದಲಿಯಾಗಿ ಒಳಗೆ ತಂದರೆ ಆ ಏಟನ್ನು ಅದೇ ತಿನ್ನಬೇಕು, ಮತ್ತು ತಿಂದು ಉಳಿಯುವ ಮೈ ಅದಕ್ಕಿಲ್ಲ. ಆದ್ದರಿಂದ ಏಟನ್ನು ಬೇರೊಬ್ಬರು ತಿಂದ ಮೇಲೆ ಅದು ಬರಬೇಕು.

ಇದಕ್ಕೆ ನಾನು ನಂಬಿಕೊಂಡಿರುವುದು ಕಾರ್ವಿನೈಟ್ ಎಂಬ ಪೊಕೆಮಾನ್‌ನ ಯೂ-ಟರ್ನ್, ಅಂದರೆ ಹೊಡೆದು ಜೊತೆಗಾರನಿಗೆ ಜಾಗ ಬಿಟ್ಟು ಹಿಂದೆ ಸರಿಯುವ ಏಟು. ಕಾರ್ವಿನೈಟ್ ಹಕ್ಕಿಯಾದ ಕಾರಣ ಅರ್ಥ್‌ಕ್ವೇಕ್ ಅದಕ್ಕೆ ತಗಲುವುದೇ ಇಲ್ಲ, ಉಕ್ಕಿನ ಮೈಯಾದ ಕಾರಣ ಸೈಕಿಕ್ ಏಟುಗಳನ್ನೂ ತಡೆದುಕೊಳ್ಳುತ್ತದೆ. ಗೆಂಗಾರ್ ಹೆದರುವ ನಾಲ್ಕು ಟೈಪ್‌ಗಳಲ್ಲಿ ಎರಡನ್ನು ಅದೊಂದೇ ನೋಡಿಕೊಳ್ಳುತ್ತದೆ. ಗಾರ್ಚಾಂಪ್ ಅರ್ಥ್‌ಕ್ವೇಕ್ ಮಾಡುವ ಸರದಿಯಲ್ಲಿ ಕಾರ್ವಿನೈಟ್ ಒಳಗೆ ಬರಲಿ. ಮುಂದಿನ ಸರದಿಯಲ್ಲಿ ಯೂ-ಟರ್ನ್ ಒತ್ತಿ. ಕಾರ್ವಿನೈಟ್ ನಿಧಾನಿ, ಎದುರಾಳಿ ಮೊದಲು ತನ್ನ ಏಟನ್ನು ಅದರ ಮೇಲೆ ಖರ್ಚು ಮಾಡಿದ ನಂತರವೇ ಇದು ಹೊಡೆದು ಹಿಂದೆ ಸರಿಯುತ್ತದೆ, ಗೆಂಗಾರ್ ಒಂದು ಗೀರೂ ಬೀಳದೆ ಕಣದಲ್ಲಿ ನಿಲ್ಲುತ್ತದೆ. ನಿಧಾನವೇ ಇಲ್ಲಿ ಗುಣ ಎಂಬುದನ್ನು ಹೊಸಬರು ಬೇಗ ಒಪ್ಪುವುದಿಲ್ಲ. ನಾನೂ ಬಹಳ ಕಾಲ ಕಾರ್ವಿನೈಟ್‌ನ ವೇಗಕ್ಕೆ ಇವಿ ಸುರಿಯುತ್ತಿದ್ದೆ. ಒಂದು ಎಚ್ಚರಿಕೆ: ರಫ್ ಸ್ಕಿನ್ ಇರುವ ಗಾರ್ಚಾಂಪ್ ಅನ್ನು ಮುಟ್ಟಿದ ಪ್ರತಿ ಸಲವೂ ಕಾರ್ವಿನೈಟ್ ತನ್ನ ಎಚ್‌ಪಿಯ ಎಂಟನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ.

ಇನ್ನೊಂದು ದಾರಿ ಬ್ಲಿಸ್ಸಿ ಎಂಬ ನಾರ್ಮಲ್ ಟೈಪ್‌ನ ಪೊಕೆಮಾನ್‌ನ ಜೊತೆಗಾರಿಕೆ. ಬ್ಲಿಸ್ಸಿಯನ್ನು ಕಂಡವರು ಫೈಟಿಂಗ್ ಏಟು ಹಾಕುತ್ತಾರೆ, ಆಗ ಬದಲಿಯಾಗಿ ಬರುವ ಗೆಂಗಾರ್‌ಗೆ ಅದು ತಗಲುವುದಿಲ್ಲ. ಆದರೆ ನಿಮ್ಮ ತಂಡವನ್ನು ಮೊದಲೇ ನೋಡಿರುವ ಎದುರಾಳಿ ಅದೇ ಹೊತ್ತಿಗೆ ನಾಕ್ ಆಫ್ ಎಂಬ ಡಾರ್ಕ್ ಏಟನ್ನು ಒತ್ತಿದರೆ ಗೆಂಗಾರ್ ಹೋಯಿತು. ಆದ್ದರಿಂದ ಇದನ್ನು ಪಂದ್ಯಕ್ಕೆ ಒಂದು ಸಲಕ್ಕಿಂತ ಹೆಚ್ಚು ಮಾಡಬೇಡಿ.

ನೀರ್ಚಾಲು:

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ, ಆದರೆ ವಸ್ತುವಿನ ಪ್ರಶ್ನೆಯನ್ನು ಹಾಗೆಯೇ ಬಿಡಬಾರದು. ಫೋಕಸ್ ಸ್ಯಾಶ್ ಕೆಲಸ ಮಾಡುವುದು ಎಚ್‌ಪಿ ಪೂರ್ತಿ ಇದ್ದಾಗ ಮಾತ್ರ. ಎದುರಾಳಿ ಸ್ಟೆಲ್ತ್ ರಾಕ್ (ಒಳಗೆ ಬರುವವರನ್ನು ಚುಚ್ಚುವ ಕಲ್ಲುಗಳು) ಹಾಸಿಟ್ಟರೆ ಗೆಂಗಾರ್ ಕಾಲಿಡುತ್ತಿದ್ದಂತೆಯೇ ಎಂಟನೆಯ ಒಂದು ಭಾಗ ಹೋಗುತ್ತದೆ, ಅಲ್ಲಿಗೆ ಸ್ಯಾಶ್ ಬರಿಯ ಬಟ್ಟೆ. ಸಿಂಗಲ್ಸ್‌ನಲ್ಲಿ ಅದನ್ನು ಪಂದ್ಯದ ಮೊದಲ ಸರದಿಗೆ ಇಳಿಯುವವನಿಗೆ ಕೊಡಿ. ಇಬ್ಬಿಬ್ಬರು ಒಟ್ಟಿಗೆ ಇಳಿಯುವ ಡಬಲ್ಸ್‌ನ ಮಾತು ಬೇರೆ. ಅಲ್ಲಿ ಸ್ಟೆಲ್ತ್ ರಾಕ್ ವಿರಳ, ಪಕ್ಕದಲ್ಲಿ ರೇಜ್ ಪೌಡರ್ ಹಾಕುವ ಅಮೂಂಗಸ್ ನಿಂತು ಏಟುಗಳನ್ನು ತನ್ನತ್ತ ಸೆಳೆದುಕೊಳ್ಳಬಲ್ಲದು.

ಲೈಫ್ ಆರ್ಬ್‌ನ ಖರ್ಚನ್ನೂ ಬರೆದಿಟ್ಟುಕೊಳ್ಳಿ. ಇವಿ ಹಾಕದ ಗೆಂಗಾರ್‌ನ ಎಚ್‌ಪಿ 261. ಪ್ರತಿ ಪ್ರವೇಶಕ್ಕೆ ಕಲ್ಲಿನಿಂದ 32, ಪ್ರತಿ ದಾಳಿಗೆ ಆರ್ಬ್‌ನಿಂದ 26. ಮೂರು ಸಲ ಬಂದು ಮೂರು ಸಲ ಹೊಡೆದರೆ 174 ಹೋಗಿ 87 ಉಳಿಯುತ್ತದೆ, ಅದೂ ಎದುರಾಳಿ ಒಮ್ಮೆಯೂ ಮುಟ್ಟದಿದ್ದರೆ. ಆದ್ದರಿಂದ ಗೆಂಗಾರ್‌ಗೆ ಒಂದು ಪಂದ್ಯದಲ್ಲಿ ಮೂರು ಅಥವಾ ನಾಲ್ಕು ಏಟುಗಳಿವೆ ಎಂದು ಮೊದಲೇ ಎಣಿಸಿಕೊಂಡು, ಅವು ಯಾರಿಗೆ ಎಂಬುದನ್ನು ತಂಡಗಳು ಕಾಣಿಸಿಕೊಂಡ ಕ್ಷಣದಲ್ಲಿಯೇ ತೀರ್ಮಾನಿಸಬೇಕು.

ಮುಳ್ಳೇರಿಯ ಅಕ್ಕ:

ವೇಗದಿಂದ ಗೆಲ್ಲಲಾಗದ ಒಬ್ಬನ ಬಗ್ಗೆ ಯಾರೂ ಹೇಳಲಿಲ್ಲ: ಡಾರ್ಕ್-ಸ್ಟೀಲ್ ಟೈಪ್‌ನ ಕಿಂಗಾಂಬಿಟ್. ಅದರ ಮೂಲ ವೇಗ ಕೇವಲ 50, ಆದರೆ ಅದರ ಸಕರ್ ಪಂಚ್ ನಿಮ್ಮ ಏಟಿಗಿಂತ ಮೊದಲು ಬೀಳುತ್ತದೆ ಮತ್ತು ಗೆಂಗಾರ್‌ನನ್ನು ಒಂದೇ ಸಲಕ್ಕೆ ಮುಗಿಸುತ್ತದೆ. ನಿಮ್ಮ ಫೋಕಸ್ ಬ್ಲಾಸ್ಟ್ ಎಂಬ ಫೈಟಿಂಗ್ ಏಟು ಅದಕ್ಕೆ ನಾಲ್ಕು ಪಟ್ಟು ತಗಲುತ್ತದೆ ಎಂಬ ಆಸೆಗೆ ಬೀಳಬೇಡಿ. ನೂರಕ್ಕೆ ಎಪ್ಪತ್ತು ಸಲ ಮಾತ್ರ ತಾಗುವ ಏಟು ಅದು. ಅಲ್ಲದೆ ಎದುರಾಳಿ ಟೆರಾ (ಪಂದ್ಯದ ನಡುವೆ ಟೈಪ್ ಬದಲಿಸುವ ಸೌಲಭ್ಯ) ಬಳಸಿ ಕಿಂಗಾಂಬಿಟ್ ಅನ್ನು ಘೋಸ್ಟ್ ಮಾಡಿಬಿಟ್ಟರೆ ತಗಲುವುದೇ ಇಲ್ಲ.

ಸಕರ್ ಪಂಚ್‌ಗೆ ಒಂದು ದೌರ್ಬಲ್ಯವಿದೆ. ನೀವು ಆ ಸರದಿಯಲ್ಲಿ ದಾಳಿ ಮಾಡದಿದ್ದರೆ ಅದು ವಿಫಲವಾಗುತ್ತದೆ. ಆದ್ದರಿಂದ ವಿಲ್-ಓ-ವಿಸ್ಪ್ (ಎದುರಾಳಿಗೆ ಸುಟ್ಟಗಾಯ ಮಾಡುವ, ದಾಳಿಯಲ್ಲದ ನಡೆ) ಒತ್ತಿ. ಅವರು ಸಕರ್ ಪಂಚ್ ಒತ್ತಿದ್ದರೆ ಅದು ಗಾಳಿಗೆ ಹೋಗುತ್ತದೆ, ಸ್ವೋರ್ಡ್ಸ್ ಡ್ಯಾನ್ಸ್ (ತನ್ನ ಏಟಿನ ಬಲ ಹೆಚ್ಚಿಸಿಕೊಳ್ಳುವ ನಡೆ) ಮಾಡುತ್ತಿದ್ದರೂ ಸುಟ್ಟಗಾಯ ಆಗುತ್ತದೆ, ಮತ್ತು ಗಾಯವಾದ ಕಿಂಗಾಂಬಿಟ್‌ನ ಏಟಿನ ಹಾನಿ ಅರ್ಧಕ್ಕೆ ಇಳಿಯುತ್ತದೆ. ಸಕರ್ ಪಂಚ್ ಅನ್ನು ಪಂದ್ಯದಲ್ಲಿ ಹೆಚ್ಚೆಂದರೆ 8 ಸಲ ಬಳಸಬಹುದು ಎಂಬುದೂ ನೆನಪಿರಲಿ. ಸ್ಲಡ್ಜ್ ಬಾಂಬ್, ಫೋಕಸ್ ಬ್ಲಾಸ್ಟ್ ಎರಡನ್ನೂ ಇಟ್ಟುಕೊಂಡು ವಿಲ್-ಓ-ವಿಸ್ಪ್‌ಗೆ ಜಾಗ ಇಲ್ಲ ಎನ್ನುವವರು ಬಹಳ ಮಂದಿ. ಜಾಗ ಮಾಡಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಬದಿಯಡ್ಕದ ಹೊಸಬ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಟಿಮಿಡ್‌ಗೆ ಬದಲಾಯಿಸಿ, ಲೈಫ್ ಆರ್ಬ್ ಉಳಿಸಿಕೊಂಡು, ಸ್ಲಡ್ಜ್ ಬಾಂಬ್ ತೆಗೆದು ವಿಲ್-ಓ-ವಿಸ್ಪ್ ಹಾಕಿ ನಿನ್ನೆ ರಾತ್ರಿ ಭಾವನ ಜೊತೆ ಆಡಿದೆ. ಮಳೆಗೆ ಕರೆಂಟು ಹೋಗಿದ್ದುದರಿಂದ ಜಗಲಿಯ ಮೂಲೆಯಲ್ಲಿ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ, ಟೈಮರ್ ನೋಡುತ್ತಾ ಕುಳಿತಿದ್ದೆ.

ಅವರ ಗಾರ್ಚಾಂಪ್ ಸ್ಟೆಲ್ತ್ ರಾಕ್ ಹಾಸಿತು. ಅರ್ಥ್‌ಕ್ವೇಕ್ ಬರುವ ಸರದಿಯಲ್ಲಿ ಕಾರ್ವಿನೈಟ್ ಕಳುಹಿಸಿದೆ. ಎರಡು ಸಲ ಯೂ-ಟರ್ನ್ ಮಾಡಿ, ನಡುವೆ ಬೇರೊಬ್ಬನಿಂದ ಒಂದು ಏಟು ಕೊಡಿಸಿ, ಗಾರ್ಚಾಂಪ್ ಅರ್ಧಕ್ಕಿಂತ ಕೆಳಗೆ ಇಳಿದಾಗ ಗೆಂಗಾರ್ ಬಂತು. 350 ಮತ್ತು 333. ಶ್ಯಾಡೋ ಬಾಲ್ ಮೊದಲು ಬಿತ್ತು, ಗಾರ್ಚಾಂಪ್ ಹೋಯಿತು. ಕೂಡಲೇ ಕಿಂಗಾಂಬಿಟ್ ಇಳಿಯಿತು. ಕೈ ಫೋಕಸ್ ಬ್ಲಾಸ್ಟ್‌ನತ್ತ ಹೋಗಿತ್ತು, ಅಕ್ಕನ ಮಾತು ನೆನಪಾಗಿ ವಿಲ್-ಓ-ವಿಸ್ಪ್ ಒತ್ತಿದೆ. ಸಕರ್ ಪಂಚ್ ವಿಫಲವಾಯಿತು, ಕಿಂಗಾಂಬಿಟ್ ಸುಟ್ಟುಕೊಂಡಿತು. ಗೆಂಗಾರ್‌ನನ್ನು ಹಿಂದಕ್ಕೆ ಕರೆದು, ಕೊನೆಯ ಸರದಿಗೆ ಮತ್ತೆ ತಂದು ಒಂದೇ ಏಟು ಹೊಡೆಸಿದೆ. ಪಂದ್ಯ ಮುಗಿದಾಗ ಅದರ ಎಚ್‌ಪಿ 261ರಲ್ಲಿ 145 ಉಳಿದಿತ್ತು. ಹೋದದ್ದೆಲ್ಲ ಕಲ್ಲು ಮತ್ತು ಆರ್ಬ್‌ನ ಖರ್ಚು.

ಭಾವ ಈಗ ಗಾರ್ಚಾಂಪ್ ತೆಗೆದು ಜಾಲಿ ವೀವೈಲ್ ಸೇರಿಸಿದ್ದಾರೆ. ಅದರ ವೇಗ 383, ಜೊತೆಗೆ ನಾಕ್ ಆಫ್. ಅದು ಕಣದಲ್ಲಿ ಇರುವಷ್ಟು ಹೊತ್ತು ಗೆಂಗಾರ್‌ನನ್ನು ಹೊರಗೇ ಇಟ್ಟುಕೊಂಡು, ಮೊದಲು ವೀವೈಲ್ ಅನ್ನು ಇಳಿಸುವ ಒಬ್ಬ ಫೈಟಿಂಗ್ ಜೊತೆಗಾರನನ್ನು ಹುಡುಕುತ್ತಿದ್ದೇನೆ. ನಿಮ್ಮ ತಂಡಗಳಲ್ಲಿ ಆ ಕೆಲಸವನ್ನು ಯಾರು ಮಾಡುತ್ತಾರೆ?